ಸಿನಾಲಜಿ ನಾಸ್‌ನಲ್ಲಿ ಅಳಿಸಿದ ಫೋಟೊ ಫೋಲ್ಡರ್
ಸಿನಾಲಜಿ ನಾಸ್‌ನಲ್ಲಿ (ನೆಟ್‌ವರ್ಕ್‌ಗೆ ಜೋಡಿಸಿದ ಸ್ಟೋರೇಜ್ ಪೆಟ್ಟಿಗೆ) ಅಳಿಸಿದ ಫೋಟೊ ಫೋಲ್ಡರ್ ಲ್ಯಾಪ್‌ಟಾಪಿನ ರಿಸೈಕಲ್ ಬಿನ್‌ನಲ್ಲಿ ಸಿಗುತ್ತಿಲ್ಲ, ಹೇಗೆ ಮರಳಿ ಪಡೆಯುವುದು ಎಂದು ಕೇಳಿದ್ದೀರಿ. ನೆಟ್‌ವರ್ಕ್ ಡ್ರೈವ್‌ನಲ್ಲಿ ಅಳಿಸಿದ್ದು ವಿಂಡೋಸ್‌ನ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ಫೋಲ್ಡರ್ ಅಲ್ಲಿ ಸಿಗದಿರುವುದು ಅದಕ್ಕೇ. ಮೊದಲು ನಾಸ್‌ಗೆ ಹೊಸದೇನೂ ಬರೆಯದಂತೆ ನೋಡಿಕೊಳ್ಳಿ, ಫೋನಿನ ಆಟೊ ಬ್ಯಾಕಪ್ ಕೂಡ ನಿಲ್ಲಿಸಿ. ಆಮೇಲೆ ಅಡ್ಮಿನ್ ಖಾತೆಯಿಂದಲೇ ಲಾಗಿನ್ ಆಗಿ (ಬೇರೆ ಖಾತೆಗೆ ತೆರೆಯದಿರಬಹುದು), ಫೈಲ್ ಸ್ಟೇಷನ್‌ನಲ್ಲಿ (ನಾಸ್‌ನ ಫೈಲ್ ನೋಡುವ ಆ್ಯಪ್) ಅದೇ ಶೇರ್‌ನೊಳಗಿನ (ಫೋಟೊ ಇದ್ದ ಹಂಚಿಕೆಯ ಫೋಲ್ಡರ್) ‘#ರಿಸೈಕಲ್’ (#recycle) ಫೋಲ್ಡರ್ ನೋಡಿ. ಅಲ್ಲಿದ್ದರೆ ರೈಟ್ ಕ್ಲಿಕ್, ರಿಸ್ಟೋರ್, ಅಷ್ಟೇ.

ಇಲ್ಲದಿದ್ದರೆ, ನಾಸ್‌ನ ವಾಲ್ಯೂಮ್ (ಡಿಸ್ಕಿನ ಶೇಖರಣಾ ಭಾಗ) ಬಿಟಿಆರ್‌ಎಫ್‌ಎಸ್ (Btrfs ಎಂಬ ಫೈಲ್ ಸಿಸ್ಟಮ್) ಆಗಿದ್ದು ಮೊದಲೇ ಸ್ನ್ಯಾಪ್‌ಶಾಟ್ (ಒಂದು ಕ್ಷಣದ ಸ್ಥಿತಿಯ ದಾಖಲೆ) ಇಟ್ಟಿದ್ದರೆ ಅದನ್ನು ಬ್ರೌಸ್ ಮಾಡಿ ಬೇಕಾದ ಫೋಲ್ಡರ್ ಮಾತ್ರ ಕಾಪಿ ಮಾಡಿಕೊಳ್ಳಿ. ದಯವಿಟ್ಟು ಇಡೀ ಶೇರ್ ರಿಸ್ಟೋರ್ ಮಾಡಬೇಡಿ, ಸ್ನ್ಯಾಪ್‌ಶಾಟ್ ಆದಮೇಲೆ ಸೇರಿಸಿದ್ದೆಲ್ಲ ಹೋಗುತ್ತದೆ.

ಎರಡೂ ಇಲ್ಲವೆಂದರೆ ನಾಸ್ ಶಟ್‌ಡೌನ್ ಮಾಡಿ, ಲಿನಕ್ಸ್ ಕಂಪ್ಯೂಟರಿನಲ್ಲಿ ಡಿಸ್ಕಿನ ಪೂರ್ತಿ ನಕಲು ತೆಗೆದು, ಆ ನಕಲಿನ ಮೇಲೆ ಫೋಟೊರೆಕ್ (PhotoRec, ಅಳಿಸಿದ ಫೈಲ್ ಹುಡುಕುವ ಸಾಫ್ಟ್‌ವೇರ್) ಓಡಿಸಿ. ಹಳೆಯ ಫೈಲ್ ಹೆಸರುಗಳು ಬರುವುದಿಲ್ಲ. ಎಷ್ಟು ಫೋಟೊ ಸಿಗುತ್ತದೆಂಬ ಖಾತ್ರಿಯೂ ಇಲ್ಲ.