ಪ್ರಭಾ ತಿರುಗಿ ನೋಡಿದಾಗ

ಡೊಂಬಿವಲಿಯ ಓದುಗರೊಬ್ಬರು ಬರೆಯುತ್ತಾರೆ: "ಕಳೆದ ಸಂಚಿಕೆಯಲ್ಲಿ ಬಾಸು ಚಟರ್ಜಿ ಅವರ 'ಛೋಟಿ ಸಿ ಬಾತ್' ಬಗ್ಗೆ ನೀವು ಬರೆದದ್ದನ್ನು ಓದಿ, ಮಗಳನ್ನೂ ಕೂರಿಸಿಕೊಂಡು ಸಿನಿಮಾ ನೋಡಿದೆ. ಅರ್ಧಕ್ಕೇ ಅವಳು, 'ಪಪ್ಪಾ, ದಿನಾ ಹುಡುಗಿಯ ಹಿಂದೆ ಹೋಗೋದು ಪ್ರೀತಿನಾ? ಇದು ಪೊಲೀಸ್ ಕಂಪ್ಲೇಂಟ್ ಕೊಡೋ ಕೇಸು' ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅಂದ ಹಾಗೆ, ಮುಂಬಯಿ ಕನ್ನಡಿಗರ ಪತ್ರಿಕೆಯಲ್ಲಿ ಹಿಂದಿ ಸಿನಿಮಾಕ್ಕೆ ಅಷ್ಟೊಂದು ಪುಟ ಬೇಕಿತ್ತಾ?"

ಸಂಪಾದಕರ ಉತ್ತರ:

ನಮಸ್ಕಾರ. ಎರಡನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಊರಿನಿಂದ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಯಾವುದೋ ಆಫೀಸಿನ ಕುರ್ಚಿ ಹಿಡಿದವರು ನಮ್ಮಲ್ಲಿ ಎಷ್ಟು ಜನರಿಲ್ಲ! ಅವರೆಲ್ಲ 'ಬೆಸ್ಟ್' ಅನ್ನುವ ಮುಂಬಯಿಯ ಸಿಟಿ ಬಸ್ಸಿನ ಕ್ಯೂನಲ್ಲಿ ನಿಂತವರೇ. ಈ ಸಿನಿಮಾದ ಹೀರೋ, ಅಮೋಲ್ ಪಾಲೇಕರ್ ಮಾಡಿರುವ ಅರುಣನೂ ಅದೇ ಕ್ಯೂನಲ್ಲಿ ನಿಲ್ಲುತ್ತಾನೆ. ಕನ್ನಡದ ನಂಟೇ ಬೇಕು ಅಂದರೆ, ಮರುವರ್ಷ, 1977ರಲ್ಲಿ, ಬಾಸುದಾ ನಮ್ಮ ಗಿರೀಶ್ ಕಾರ್ನಾಡರನ್ನು ಹಾಕಿಕೊಂಡು 'ಸ್ವಾಮಿ' ಮಾಡಿದರು. ಸಾಕಲ್ವಾ?

ಇನ್ನು ಮಗಳ ಪ್ರಶ್ನೆ. ಅವಳ ಮಾತನ್ನು ತಳ್ಳಿಹಾಕಬೇಡಿ. ದಿನಾ ಒಬ್ಬ ಗಂಡಸು ಬಸ್ ಸ್ಟಾಪಿನಿಂದ ಆಫೀಸಿನ ಬಾಗಿಲ ತನಕ ಹಿಂದೆ ಬಂದರೆ ಯಾವ ಹುಡುಗಿಗೂ ಭಯವಾಗುತ್ತದೆ. 1976ರ ಸಿನಿಮಾ, ಆಗಿನ ಕಾಲವೇ ಹಾಗಿತ್ತು ಅಂತ ಮಾಫಿ ಕೇಳುವುದು ನನಗೂ ಇಷ್ಟವಿಲ್ಲ. ಹುಡುಗಿಯ ಬೆನ್ನು ಹತ್ತುವ ಹೀರೋ ನಮ್ಮ ಸಿನಿಮಾಗಳಲ್ಲಿ ಆಗಲೂ ಇದ್ದ, ಈಗಲೂ ಇದ್ದಾನೆ. ಅವನು ಹಾಡುತ್ತಾನೆ, ಅವಳು ಸಿಡುಕುತ್ತಾಳೆ, ಮೂರನೇ ಹಾಡಿಗೆ ಒಪ್ಪುತ್ತಾಳೆ. ಆ ಹುಡುಗಿಗೆ ಏನನ್ನಿಸಿತು ಅಂತ ಯಾರೂ ಕೇಳುವುದಿಲ್ಲ.

ಬಾಸುದಾ ಕೇಳಿದರು. ನಾನು ಈ ಸಿನಿಮಾವನ್ನು ಮೆಚ್ಚುವುದು ಅದಕ್ಕೇ. ಅರುಣ ಹಿಂದೆ ಬರುತ್ತಿರುವುದು ನಾಯಕಿ ಪ್ರಭಾಗೆ ಚೆನ್ನಾಗಿ ಗೊತ್ತು. ಆ ಪಾತ್ರ ಮಾಡಿರುವ ವಿದ್ಯಾ ಸಿನ್ಹಾ ಮುಖ ನೋಡಿ: ಹೆದರಿಕೆಯಿಲ್ಲ, ತುಟಿಯಂಚಿನಲ್ಲಿ ತಡೆದಿಟ್ಟ ನಗು. ಬೆವರುವವನು ಅವನು. ಧೈರ್ಯವಾಗಿ ಮಾತಾಡಿಸಿದ ಹಾಗೆ ಮನಸ್ಸಿನಲ್ಲೇ ಕಲ್ಪಿಸಿಕೊಳ್ಳುತ್ತಾನೆ, ನಿಜವಾಗಿ ಎದುರು ಬಂದರೆ ನಾಲಿಗೆ ಏಳುವುದಿಲ್ಲ. ಥಿಯೇಟರಿನಲ್ಲಿ ಕೂತರೆ, ಪರದೆಯ ಮೇಲಿನ ಧರ್ಮೇಂದ್ರ, ಹೇಮಾಮಾಲಿನಿ ಹೋಗಿ ತಾನು, ಪ್ರಭಾ ಹಾಡುವ ಹಾಗೆ ಕಾಣುತ್ತದೆ. ಅವನಿಗೆ ಹಾಡುವ ದನಿ ನಮ್ಮ ಜೇಸುದಾಸರದು.

ಈಗ ಮಗಳ ಜೊತೆ ಇನ್ನೊಂದು ಸಲ ನೋಡಬೇಕಾದ ಜಾಗ ಹೇಳುತ್ತೇನೆ. ಅರುಣ ಖಂಡಾಲಾಕ್ಕೆ, ಅಶೋಕ್ ಕುಮಾರ್ ಮಾಡಿರುವ ಕರ್ನಲ್ ಹತ್ತಿರ, ಹುಡುಗಿಯ ಮನಸ್ಸು ಗೆಲ್ಲುವ ಪಾಠ ಕಲಿಯಲು ಹೋಗಿದ್ದಾನೆ. ಪ್ರಭಾ ಎಂದಿನ ಹಾಗೆ ಆಫೀಸಿಗೆ ಹೊರಟಿದ್ದಾಳೆ. ನಡೆಯುತ್ತಾ ತಿರುಗಿ ನೋಡುತ್ತಾಳೆ. ಹಿಂದೆ ಯಾರೂ ಇಲ್ಲ. ಲತಾ ದನಿಯಲ್ಲಿ 'ನ ಜಾನೇ ಕ್ಯೂಂ' ಶುರುವಾಗುತ್ತದೆ. ಯೋಗೇಶ್ ಬರೆದದ್ದು, ಸಲೀಲ್ ಚೌಧುರಿ ರಾಗ. ವಿರಹದ ಹಾಡನ್ನು ನಿರ್ದೇಶಕರು ಹಿಂದೆ ಬರುತ್ತಿದ್ದವನಿಗೆ ಕೊಡಲಿಲ್ಲ, ಇವಳಿಗೆ ಕೊಟ್ಟರು. ಇಷ್ಟು ದಿನ ಅವನು ನೋಡುತ್ತಿದ್ದ, ಈಗ ಇವಳು ಹುಡುಕುತ್ತಿದ್ದಾಳೆ. ಇವಳಿಗೂ ಇಷ್ಟವಿತ್ತು ಅನ್ನುವುದು ಒಂದೂ ಡೈಲಾಗ್ ಇಲ್ಲದೆ ಗೊತ್ತಾಗುತ್ತದೆ. ಆ ಇಷ್ಟ ಇಲ್ಲದಿದ್ದರೆ ನಿಮ್ಮ ಮಗಳು ಹೇಳಿದ್ದೇ ಕೊನೆಯ ಮಾತು.

ಕಥೆಯ ಎಳೆ ಬಾಸುದಾ ಅವರದಲ್ಲ, 1960ರ ಬ್ರಿಟಿಷ್ ಸಿನಿಮಾ 'ಸ್ಕೂಲ್ ಫಾರ್ ಸ್ಕೌಂಡ್ರೆಲ್ಸ್'ನದು. ಆದರೆ ಆ ಎಳೆಯನ್ನು ಮುಂಬಯಿಗೆ ಹೇಗೆ ತಂದರು ನೋಡಿ. ಅಲ್ಲಿ ಹೀರೋ ಮೋಸ ಹೋಗಿ ಕೊಳ್ಳುವುದು ಡಕೋಟಾ ಕಾರು, ಇಲ್ಲಿ ಡಕೋಟಾ ಮೋಟಾರ್ ಬೈಕು. ಅಲ್ಲಿ ಲಾನ್ ಟೆನ್ನಿಸ್, ಇಲ್ಲಿ ಟೇಬಲ್ ಟೆನ್ನಿಸ್. ಒಬ್ಬ ಕ್ಲಾರ್ಕಿನ ಸಂಬಳದಲ್ಲಿ ಯಾವ ಅವಮಾನ ಎಷ್ಟು ದುಬಾರಿ ಅಂತ ಲೆಕ್ಕ ಹಾಕಿದ ಹಾಗಿದೆ! ಬಾಸುದಾ ಸಿನಿಮಾಕ್ಕೆ ಬರುವ ಮುಂಚೆ ಇದೇ ಊರಿನ 'ಬ್ಲಿಟ್ಜ್' ವಾರಪತ್ರಿಕೆಯಲ್ಲಿ ವರ್ಷಗಟ್ಟಲೆ ವ್ಯಂಗ್ಯಚಿತ್ರ ಬರೆದವರು. ಜೋಬು ಮುಟ್ಟಿ ನೋಡಿಕೊಳ್ಳುವ ಮನುಷ್ಯನನ್ನು ನಾಲ್ಕು ಗೆರೆಯಲ್ಲಿ ಹಿಡಿಯುವ ಕಸುಬು ಅವರ ಕೈಯಲ್ಲೇ ಇತ್ತು. ಪ್ರಭಾಳ ಆಫೀಸಿನಲ್ಲೇ ಇರುವ ಅರುಣನ ಪ್ರತಿಸ್ಪರ್ಧಿ, ಅಸ್ರಾನಿಯ ನಾಗೇಶ್, ಸ್ಕೂಟರ್ ಏರಿ ಬಂದರೆ ಸಾಕು, ಅರುಣ ಅರ್ಧ ಸೋತ. ನಮ್ಮ ಆಫೀಸುಗಳಲ್ಲೂ ಇಂಥ ನಾಗೇಶ್‌ಗಳು ಇದ್ದೇ ಇದ್ದಾರೆ, ಹೆಸರು ಬೇಡ ಬಿಡಿ.

ಹಾಗಂತ ಎಲ್ಲವೂ ಚೆನ್ನ ಅನ್ನುವುದಿಲ್ಲ. ಖಂಡಾಲಾದ ಪಾಠಗಳು ಜಾಸ್ತಿಯಾದವು. ಕಲಿತ ತಂತ್ರಗಳಿಂದ ಅರುಣ ಜಾಣನಾಗುತ್ತಾನೆ ನಿಜ, ನನಗಂತೂ ಮುಂಚಿನ ಪೆದ್ದನೇ ಹೆಚ್ಚು ಇಷ್ಟ. ಸ್ವತಃ ಅಮಿತಾಭ್ ಬಚ್ಚನ್ ಕರ್ನಲ್ ಹತ್ತಿರ ಸಲಹೆ ಕೇಳಲು ಬರುವ ತಮಾಷೆ ಇದೆಯಲ್ಲ, ಅದು ಮಾತ್ರ ಇರಲಿ. 'ದೀವಾರ್', 'ಶೋಲೆ' ಬಂದು ಹೋದ ಮರುವರ್ಷ ಹಾಗೆ ಮಾಡಲು ಧೈರ್ಯ ಬೇಕಿತ್ತು.

ಅರುಣ, ಪ್ರಭಾ ಕೂತಿದ್ದ ಸಮೋವಾರ್, ಜಹಾಂಗೀರ್ ಆರ್ಟ್ ಗ್ಯಾಲರಿಯ ಒಳಗಿದ್ದ ಹೋಟೆಲು, 2015ರಲ್ಲಿ ಮುಚ್ಚಿತು. ವಿದ್ಯಾ ಸಿನ್ಹಾ 2019ರ ಆಗಸ್ಟಿನಲ್ಲಿ ಹೋದರು. ಬಾಸುದಾ 2020ರ ಜೂನ್ 4ರಂದು ಮುಂಬಯಿಯಲ್ಲೇ ತೀರಿಕೊಂಡರು, ಕೊರೊನಾ ಕಾಲದಲ್ಲಿ.

ಮಗಳಿಗೆ ಇನ್ನೂ ಸಮಾಧಾನವಾಗದಿದ್ದರೆ ವಾದ ಮಾಡಬೇಡಿ, 1974ರ 'ರಜನೀಗಂಧಾ' ತೋರಿಸಿ. ಅದೇ ನಿರ್ದೇಶಕರು, ಅದೇ ವಿದ್ಯಾ ಸಿನ್ಹಾ, ಅದೇ ಅಮೋಲ್ ಪಾಲೇಕರ್. ಕಥೆ ಮನ್ನೂ ಭಂಡಾರಿ ಅವರದು. ಅದರಲ್ಲಿ ದೆಹಲಿಯ ಹುಡುಗಿಯೊಬ್ಬಳು ಕೆಲಸದ ಇಂಟರ್‌ವ್ಯೂಗೆ ಮುಂಬಯಿಗೆ ಬರುತ್ತಾಳೆ. ದೆಹಲಿಯಲ್ಲೊಬ್ಬ, ಇಲ್ಲೊಬ್ಬ. ಯಾರು ಬೇಕು ಅಂತ ತೀರ್ಮಾನ ಮಾಡುವವಳು ಅವಳೇ. ನೋಡಿದ ಮೇಲೆ ಈ ಸಲ ಪತ್ರವನ್ನು ಮಗಳೇ ಬರೆಯಲಿ. ಬೈದು ಬರೆದರೂ ಅಚ್ಚು ಹಾಕುತ್ತೇವೆ.