ಹದಿನಾಲ್ಕು ಸಾಲು ಮಿಕ್ಕರೆ ಎಲ್ಲಿ ಸೇರಿಸೋದು?

ಪ್ರಶ್ನೆ: ಸೆಪ್ಟೆಂಬರ್ 15ರ ಎಂಜಿನಿಯರುಗಳ ದಿನಕ್ಕೆ ಸರ್ ಎಂ.ವಿ. ಕುರಿತು 16 ಪುಟದ ಪುಸ್ತಿಕೆಯನ್ನು ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಕಟ್ಟುತ್ತಿದ್ದೇವೆ. ಅಕ್ಷರ 12 ಪಾಯಿಂಟ್, ಲೀಡಿಂಗ್ (ಸಾಲಿನಿಂದ ಸಾಲಿಗೆ ಇರುವ ಅಂತರ) 18, ಬಾಕ್ಸಿನ ಎತ್ತರ 7 ಇಂಚು. ಕೊನೆಗೆ 14 ಸಾಲು ಹೊರಗುಳಿದಿದೆ. ಕೊನೆಯ ಎರಡು ಪುಟಕ್ಕೆ ಲೀಡಿಂಗ್ 14 ಕೊಟ್ಟರೆ ಹಿಡಿಯುತ್ತದೆ, ಆದರೆ ಒತ್ತಕ್ಷರಗಳು ಕೆಳಸಾಲಿಗೆ ತಾಗುತ್ತವೆ. ಏನು ಮಾಡಲಿ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಎರಡೇ ಪುಟದ ಮೇಲೆ ಭಾರ ಹಾಕಬೇಡಿ, ಹದಿನಾರಕ್ಕೂ ಹಂಚಿ. 7 ಇಂಚು ಅಂದರೆ 504 ಪಾಯಿಂಟ್. 18ರಂತೆ ಪುಟಕ್ಕೆ 28 ಸಾಲು. 17.5ಕ್ಕೆ ಇಳಿಸಿದರೂ ಸಾಲು 28ರಲ್ಲೇ ನಿಲ್ಲುತ್ತದೆ, ಅಡಿಯಲ್ಲಿ ಖಾಲಿ ಜಾಗ ಉಳಿಯುತ್ತದೆ ಅಷ್ಟೆ. ಅರ್ಧ ಸಾಲು ಕೂರುವುದಿಲ್ಲವಲ್ಲ! 17.3 ಕೊಟ್ಟರೆ 29ನೆಯ ಸಾಲು ಹಿಡಿಯುತ್ತದೆ. ಪುಟಕ್ಕೊಂದರಂತೆ 16 ಸಾಲು ಸಿಕ್ಕಿತು. ಶೀರ್ಷಿಕೆ, ಚಿತ್ರಗಳಿರುವ ಪುಟದಲ್ಲಿ ಒಂದೆರಡು ತಪ್ಪಿದರೂ ನಿಮ್ಮ 14 ಒಳಗೆ ಬರುತ್ತದೆ, ಓದುವವರ ಕಣ್ಣಿಗೆ ವ್ಯತ್ಯಾಸವೂ ಗೊತ್ತಾಗುವುದಿಲ್ಲ.

ಇದನ್ನು ಪ್ಯಾರಾಗ್ರಾಫ್ ಸ್ಟೈಲಿನಲ್ಲೇ (ಪ್ಯಾರಾಗಳ ರೂಪವನ್ನು ಒಟ್ಟಿಗೆ ನಿಗದಿ ಮಾಡುವ ಸೆಟ್ಟಿಂಗ್) ಬದಲಿಸಿ. ಸ್ಟೈಲ್ ಹೆಸರಿನ ಪಕ್ಕ ಕೂಡಿಸುವ ಚಿಹ್ನೆ ಕಂಡರೆ, ಅಲ್ಲಿ ಯಾರೋ ಕೈಯಿಂದ ಏನನ್ನೋ ಬದಲಿಸಿದ್ದಾರೆ ಎಂದರ್ಥ. ಲೀಡಿಂಗನ್ನೇ ಬದಲಿಸಿದ್ದರೆ 17.3 ಅಲ್ಲಿಗೆ ಇಳಿಯುವುದಿಲ್ಲ. ಆಲ್ಟ್ ಒತ್ತಿ ಸ್ಟೈಲ್ ಹೆಸರನ್ನು ಕ್ಲಿಕ್ ಮಾಡಿದರೆ ಅದು ಹೋಗುತ್ತದೆ. ಜೊತೆಗೆ ಕೈಯಿಂದ ಬೋಲ್ಡ್ ಮಾಡಿದ ಪದಗಳೂ ಮಾಮೂಲಿಗೆ ಮರಳುತ್ತವೆ, ಮೊದಲೇ ಗುರುತು ಹಾಕಿಕೊಳ್ಳಿ. ಸಂಖ್ಯೆ ಬದಲಿಸಿದರೂ ಸಾಲು ಅಲುಗದಿದ್ದರೆ ಅದನ್ನು ಅಡಿಗೆರೆಗಳ ಜಾಲಕ್ಕೆ, ಅಂದರೆ ಬೇಸ್‌ಲೈನ್ ಗ್ರಿಡ್‌ಗೆ ಕಟ್ಟಿಹಾಕಿರುತ್ತಾರೆ. ಪ್ರಿಫರೆನ್ಸಸ್‌ನ ಗ್ರಿಡ್ಸ್‌ನಲ್ಲಿ 18 ಇರುವುದನ್ನೂ 17.3 ಮಾಡಬೇಕು.

ಲೀಡಿಂಗ್ 14 ಯಾಕೆ ಕೆಟ್ಟಿತು? ಸಾಫ್ಟ್‌ವೇರಿನ ಆಟೋ ಲೀಡಿಂಗ್ ಶೇ. 120, ಅಂದರೆ 12ಕ್ಕೆ 14.4. ಇಂಗ್ಲಿಷಿಗೆ ಅದು ಸಾಕು. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ‘ವಿಶ್ವೇಶ್ವರಯ್ಯ’ ಎಂಬ ಒಂದೇ ಹೆಸರಿನಲ್ಲಿ ಮೂರು ಒತ್ತು. ನಿಮ್ಮ ಪುಸ್ತಿಕೆಯಲ್ಲಿ ಅದು ಪುಟಪುಟಕ್ಕೂ ಬರುತ್ತದೆ. ‘ರಾಷ್ಟ್ರ’, ‘ಸ್ತ್ರೀ’ಗಳಲ್ಲಂತೂ ಒಂದಕ್ಕೆ ಎರಡು ಒತ್ತು. ಇವನ್ನು ಮೇಲಿನ ಸಾಲಿನಲ್ಲಿ, ಸರಿಯಾಗಿ ಕೆಳಗೆ ‘ಕೀರ್ತಿ’ ಇಟ್ಟು, ಲೀಡಿಂಗ್ ಇಳಿಸುತ್ತಾ ಹೋಗಿ, ತಾಗುವ ಅಳತೆ ನೋಡಿಕೊಳ್ಳಿ. ಫಾಂಟಿನಿಂದ ಫಾಂಟಿಗೆ ಅದು ಬೇರೆ. ಪರದೆಯನ್ನು ನಂಬದೆ ನೂರು ಪರ್ಸೆಂಟ್ ಅಳತೆಯಲ್ಲಿ ಲೇಸರ್ ಪ್ರಿಂಟ್ ತೆಗೆದು ನೋಡಿ.

ಇಷ್ಟಾಗಿಯೂ ಎರಡು ಮೂರು ಸಾಲು ಉಳಿದರೆ, ಒಂದೇ ಪದ ಇರುವ ಪ್ಯಾರಾದ ಕೊನೆಯ ಸಾಲುಗಳನ್ನು ಹುಡುಕಿ. ಅದೊಂದು ಪದ ಮೇಲೇರಿದರೆ ಒಂದು ಸಾಲು ಲಾಭ. ಇದಕ್ಕೆ ಟ್ರ್ಯಾಕಿಂಗ್ (ಅಕ್ಷರಗಳ ನಡುವಿನ ಅಂತರ) ಮುಟ್ಟಲೇಬೇಡಿ. ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟುಗಳಲ್ಲಿ ಒತ್ತು, ಸ್ವರಚಿಹ್ನೆಗಳು ಪ್ರತ್ಯೇಕ ತುಂಡುಗಳು. ಟ್ರ್ಯಾಕಿಂಗ್ ಕುಗ್ಗಿಸಿದರೆ ಅವು ಅಕ್ಷರದ ಮೈಮೇಲೆ ಹತ್ತುತ್ತವೆ, ಹಿಗ್ಗಿಸಿದರೆ ಕಳಚಿಕೊಳ್ಳುತ್ತವೆ. ಬದಲಿಗೆ ಆ ಪ್ಯಾರಾದ ಜಸ್ಟಿಫಿಕೇಶನ್‌ಗೆ ಹೋಗಿ ವರ್ಡ್ ಸ್ಪೇಸಿಂಗ್ ಕನಿಷ್ಠ 80ನ್ನು 75ಕ್ಕೆ, ನಡುವಿನ 100ನ್ನು 90ಕ್ಕೆ ಇಳಿಸಿ. ಅದಕ್ಕಿಂತ ಕೆಳಗೆ ಹೋದರೆ ಪದಗಳು ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ. ಅದೂ ಸಾಲದಿದ್ದರೆ ಲೇಖಕರ ಹತ್ತಿರ ಹೋಗಿ ನಾಲ್ಕು ವಾಕ್ಯ ತೆಗೆಸುವುದೇ ಮೇಲು.

ಪ್ರಶ್ನೆ: ಪ್ಯಾರಾದ ನಡುವೆ ಒಂದೇ ಒಂದು ಸಾಲು ಮಾತ್ರ ಕೆಳಗೆ ಜಾರಿ ಕೂರುತ್ತದೆ. ಯಾಕೆ?
– ಶಿಡ್ಲಘಟ್ಟದ ಓದುಗರು

ಉತ್ತರ: ಆ ಸಾಲಿನಲ್ಲಿ ಎಲ್ಲೋ ದೊಡ್ಡ ಅಳತೆಯ ಅಕ್ಷರ ಇದೆ. ಬೇರೆ ಕಡೆಯಿಂದ ತಂದು ಹಾಕಿದ ಇಂಗ್ಲಿಷ್ ಪದವೋ ರೂಪಾಯಿ ಚಿಹ್ನೆಯೋ ಇರಬಹುದು, ಬರೀ ಸ್ಪೇಸ್ ಕೂಡ ಆಗಬಹುದು. ಇನ್‌ಡಿಸೈನ್‌ನಲ್ಲಿ ಲೀಡಿಂಗ್ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ, ಸಾಲಿನಲ್ಲಿ ಅತಿ ದೊಡ್ಡ ಲೀಡಿಂಗ್ ಯಾವುದೋ ಅದೇ ನಡೆಯುತ್ತದೆ. ಆಟೋ ಇದ್ದರೆ 18 ಪಾಯಿಂಟಿನ ಒಂದು ಸ್ಪೇಸ್ ಇಡೀ ಸಾಲಿಗೆ 21.6 ಕೊಟ್ಟುಬಿಡುತ್ತದೆ. ಪ್ಯಾರಾ ಪೂರ್ತಿ ಸೆಲೆಕ್ಟ್ ಮಾಡಿ ಅಳತೆ, ಲೀಡಿಂಗ್ ಎರಡನ್ನೂ ಸಂಖ್ಯೆಯಲ್ಲಿ ಕೊಡಿ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ಅಪ್ಲೈ ಲೀಡಿಂಗ್ ಟು ಎಂಟೈರ್ ಪ್ಯಾರಾಗ್ರಾಫ್ಸ್’ಗೆ ಟಿಕ್ ಹಾಕಿಡಿ.