ಆರೋನನ ಕಿವಿಗೆ ರಕ್ತ ಹಚ್ಚಿದ್ದು ಯಾಕೆ?

ಪ್ರಶ್ನೆ: ಅಯ್ಯನವರೇ, ಬೈಬಲಿನ ಯಾಜಕಕಾಂಡ 8ನೇ ಅಧ್ಯಾಯ ಓದುತ್ತಿದ್ದೆ. ಇಸ್ರಾಯೇಲ್ಯರ ನಾಯಕ ಮೋಶೆ ತನ್ನ ಅಣ್ಣ ಆರೋನನನ್ನು ಯಾಜಕನಾಗಿ, ಅಂದರೆ ಪುರೋಹಿತನಾಗಿ, ಪ್ರತಿಷ್ಠಿಸುವಾಗ ಟಗರಿನ ರಕ್ತವನ್ನು ಅವನ ಕಿವಿಗೂ ಬೆರಳಿಗೂ ಹಚ್ಚುತ್ತಾನೆ. ಮನೆ ನೋಡಿಕೊಂಡಿರುವ ನನ್ನಂಥವಳಿಗೆ ಇದರಲ್ಲಿ ಏನಿದೆ? ಇದೆಲ್ಲ ಸಭೆಪಾಲಕರಿಗೆ ಮಾತ್ರ ಅಲ್ವಾ?

ಉತ್ತರ: ಸಹೋದರಿ, ತುಂಬಾ ಜನ ಈ ಅಧ್ಯಾಯವನ್ನು ಹಾರಿಸಿಬಿಡುತ್ತಾರೆ. ನೀವು ಅಲ್ಲೇ ನಿಂತು ಕೇಳಿದ್ದು ನನಗೆ ಸಂತೋಷ.

ಮೋಶೆ ಮೊದಲು ಆರೋನನಿಗೂ ಅವನ ಮಕ್ಕಳಿಗೂ ಸ್ನಾನ ಮಾಡಿಸುತ್ತಾನೆ. ಆಮೇಲೆ ಯಾಜಕರ ಬಟ್ಟೆ, ಆರೋನನ ತಲೆಗೆ ಅಭಿಷೇಕದ ಎಣ್ಣೆ, ಯಜ್ಞಗಳು. ಎರಡನೆಯ ಟಗರಿನ ರಕ್ತವನ್ನು ಬಲಗಿವಿಯ ತುದಿಗೆ, ಬಲಗೈ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆರಳಿಗೆ ಹಚ್ಚುತ್ತಾನೆ. ಯಾಕೆ ಅಂತ ಅಲ್ಲಿ ಬಿಡಿಸಿ ಹೇಳಿಲ್ಲ. ಕೇಳುವ ಕಿವಿ, ಮಾಡುವ ಕೈ, ನಡೆಯುವ ಕಾಲು ಎಲ್ಲವೂ ದೇವರಿಗೆ ಮೀಸಲು ಎಂದು ಅರ್ಥ ಮಾಡುವ ರೂಢಿಯಿದೆ.

ಈಗ 14ನೇ ಅಧ್ಯಾಯ ತೆಗೆಯಿರಿ. ಕುಷ್ಠ ವಾಸಿಯಾದವನು ಪಾಳೆಯಕ್ಕೆ, ಅಂದರೆ ಇಸ್ರಾಯೇಲ್ಯರ ಬಿಡಾರಕ್ಕೆ, ವಾಪಸ್ ಬರುತ್ತಾನೆ. ಅವನಿಗೂ ಅದೇ ಕಿವಿ, ಅದೇ ಹೆಬ್ಬೆರಳುಗಳಿಗೆ ರಕ್ತ! ಅವನಿಗೂ ಸ್ನಾನ, ತಲೆಗೆ ಎಣ್ಣೆ, ಏಳು ದಿನ ಕಾಯುವುದು. ಮಹಾಯಾಜಕನಾದ ಆರೋನನಿಗೂ, ಯಾರೂ ಹತ್ತಿರ ಸೇರಿಸದೆ ಹೊರಗಿಟ್ಟವನಿಗೂ ಒಂದೇ ಗುರುತು. ಇದನ್ನು ಓದಿದಾಗಲೆಲ್ಲ ನನ್ನ ಕಣ್ಣು ತುಂಬಿ ಬರುತ್ತದೆ.

ಇನ್ನೊಂದು ಮಾತು. ಯಾಜಕನನ್ನು ಪ್ರತಿಷ್ಠಿಸುವುದಕ್ಕೆ ಹೀಬ್ರೂ ಭಾಷೆಯಲ್ಲಿ 'ಕೈ ತುಂಬುವುದು' ಎನ್ನುತ್ತಾರೆ. ಮೋಶೆ ಕೊಬ್ಬು, ತೊಡೆ, ರೊಟ್ಟಿಗಳನ್ನು ನಿಜವಾಗಿಯೂ ಅವರ ಕೈಗೆ ಇಡುತ್ತಾನೆ. ಆಮೇಲೆ ಅವರ ಕೈಯಿಂದಲೇ ತೆಗೆದು ಯಜ್ಞವೇದಿಯ ಮೇಲೆ ಸುಡುತ್ತಾನೆ. ದೇವರು ಕೈಗೆ ಕೊಟ್ಟಿದ್ದನ್ನೇ ದೇವರಿಗೆ ಒಪ್ಪಿಸುವುದು ಯಾಜಕನ ಕೆಲಸ.

ಈಗ ನಮಗೆ ಟಗರು ಬೇಡ. ಯೇಸು ಒಂದೇ ಸಲ ತನ್ನನ್ನೇ ಅರ್ಪಿಸಿದನು ಎಂದು ಇಬ್ರಿಯರಿಗೆ ಬರೆದ ಪತ್ರ ಹೇಳುತ್ತದೆ. 1 ಪೇತ್ರ 2:9 ನಂಬುವವರೆಲ್ಲರನ್ನೂ ಯಾಜಕರೆಂದು ಕರೆಯುತ್ತದೆ. ಅಲ್ಲಿ ಗಂಡು ಹೆಣ್ಣು ಎಂಬ ಭೇದವಿಲ್ಲ. ಸಭೆಗಳಲ್ಲಿ ರೂಢಿ ಬೇರೆ ಬೇರೆ, ನಿಜ. ಕಥೋಲಿಕರಲ್ಲಿ ಹೊಸ ಗುರುಗಳ ಅಂಗೈಗಳಿಗೆ ಬಿಷಪ್ ಎಣ್ಣೆ ಹಚ್ಚುತ್ತಾರೆ. ಆದರೆ ಜ್ಞಾನಸ್ನಾನ ಪಡೆಯುವ ಪುಟ್ಟ ಮಗುವಿನ ತಲೆಗೂ ಕಥೋಲಿಕರಲ್ಲಿ ಅಭಿಷೇಕ ಮಾಡುತ್ತಾರೆ. ಎಲ್ಲ ವಿಶ್ವಾಸಿಗಳೂ ಯಾಜಕರು ಎಂದು ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್ 1520ರಲ್ಲೇ ಒತ್ತಿ ಬರೆದರು.

ಹಾಗಾದರೆ ನಿಮ್ಮ ಯಜ್ಞ ಯಾವುದು? ಇಬ್ರಿಯರಿಗೆ 13:15, 16 ನೋಡಿ. ಸ್ತೋತ್ರ ಮಾಡುವುದು, ಉಪಕಾರ ಮಾಡುವುದು, ಇದ್ದದ್ದನ್ನು ಹಂಚಿಕೊಳ್ಳುವುದು. ಪಕ್ಕದ ಮನೆಯಲ್ಲಿ ಕಾಯಿಲೆ ಬಿದ್ದವರಿಗೆ ನೀವು ಒಯ್ಯುವ ಗಂಜಿಯೂ ಇದೇ ಸಾಲಿಗೆ ಸೇರುತ್ತದೆ.